ಪದ ಬೇಕು (ತುರ್ತು): ಜರ್ಮನಿಯ ‘ನೆರ್ಫೆನ್‌ಆರ್ಟ್ಸ್ಟ್’ಗೆ ಕನ್ನಡದಲ್ಲಿ ಏನು?

ಗೆಳೆಯರೇ, ಯುರೋಪಿನಲ್ಲಿ ನ್ಯೂರಾಲಜಿ ಬೇರೆ ವಿಭಾಗವಾಗಿ ಬೆಳೆದ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. 1907ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ವೈದ್ಯರ ಸಂಘದ ಹೆಸರಲ್ಲೇ ಈ ಪದ ಇದೆ. ‘ನರರೋಗ ತಜ್ಞ’ ಅಂತ ಹಾಕಬಹುದಾ? ನಿಘಂಟು ನೋಡಿದರೆ ‘ಮನೋವೈದ್ಯ’ ಅನ್ನೋ ಅರ್ಥವೂ ಇದೆ.

ಉತ್ತರ:
ತಜ್ಞ ಬೇಡವೇ ಬೇಡ. ‘ನರ’ ನಮ್ಮದೇ ಪದ. ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟಿದವು. ಅದಕ್ಕೆ ಸಂಸ್ಕೃತದ ಬಾಲ ಯಾಕೆ? 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ‘ನ್ಯೂರೊಲೊಜಿಯಾ’ ಅಂತ ಬಳಸಿದ್ದೂ ಗ್ರೀಕಿನ ‘ನ್ಯೂರಾನ್’ನಿಂದ. ಅದಕ್ಕೆ ಹಳೆಯ ಅರ್ಥ ಬಿಲ್ಲಿನ ಹೆದೆ, ಮೂಳೆಗೆ ಅಂಟುವ ಹುರಿ. ‘ನರಮದ್ದುಗಾರ’ ಅನ್ನಿ, ಮುಗೀತು.

ಉತ್ತರ:
ಮುಗಿಯಲಿಲ್ಲ ಸಾರ್. ಮದ್ದುಗಾರ ಅಂದರೆ ಓದುವವರು ನಾಟಿ ವೈದ್ಯ ಅಂದುಕೊಳ್ಳುತ್ತಾರೆ. ಬೇರು ಹುಡುಕೋದು ಆಮೇಲೆ. ಆ ವೈದ್ಯ ಯಾರನ್ನು ನೋಡುತ್ತಿದ್ದ ಅನ್ನೋದು ಮೊದಲು ಗೊತ್ತಾಗಬೇಕು.

ಪ್ಯಾರಿಸ್ಸಿನಲ್ಲಿ 1882ರಲ್ಲೇ ಶಾರ್ಕೋ ಅನ್ನೋ ವೈದ್ಯರಿಗೆ ನರಮಂಡಲದ ರೋಗಗಳ ಪ್ರಾಧ್ಯಾಪಕ ಪೀಠ ಸಿಕ್ಕಿತು. ಅವರ ಶಿಷ್ಯ ಬಾಬಿನ್‌ಸ್ಕಿ 1896ರಲ್ಲಿ ಒಂದು ಸರಳ ಪರೀಕ್ಷೆ ತೋರಿಸಿದರು. ಅಂಗಾಲಿನ ಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಬೇಕು. ದೊಡ್ಡವರಲ್ಲಿ ಹೆಬ್ಬೆರಳು ಮೇಲೆದ್ದರೆ ಮಿದುಳು ಅಥವಾ ಬೆನ್ನುಹುರಿಯ ದಾರಿಯಲ್ಲಿ ಪೆಟ್ಟಾಗಿದೆ ಅಂತ. ನರಕ್ಕೆ ಪೆಟ್ಟಿಲ್ಲದೆ ಮನಸ್ಸಿನಿಂದ ಬರುವ ಹಿಸ್ಟೀರಿಯಾದಲ್ಲಿ ಹಾಗೆ ಏಳುವುದಿಲ್ಲ. ನರದ ವೈದ್ಯ, ಮನಸ್ಸಿನ ವೈದ್ಯ ಬೇರೆಯಾಗಿದ್ದು ಇಂಥ ಪರೀಕ್ಷೆಗಳಿಂದಲೇ. ಆದರೂ ಫ್ರಾನ್ಸಿನಲ್ಲಿ ಎರಡೂ ಅಧಿಕೃತವಾಗಿ ಬೇರೆ ವಿಭಾಗವಾಗಿದ್ದು 1968ರಲ್ಲಿ!

ಬರ್ಲಿನ್ನಿನ ವೈದ್ಯ ಗ್ರೀಸಿಂಗರ್ ಮನೋರೋಗವೂ ಮಿದುಳಿನ ರೋಗವೇ ಅಂದವರು. ಅಲ್ಲಿ ಎರಡೂ ಒಂದೇ ಸೂರಿನಡಿ ಬಂದವು. ಅದರಿಂದ ಬೇರೆಯಾಗಬೇಕು ಅಂತಲೇ ಓಪನ್‌ಹೈಮ್, ಎರ್ಬ್ ಮುಂತಾದ ವೈದ್ಯರು 1907ರ ಸಂಘ ಕಟ್ಟಿದರು. ಹಾಗಾಗಿ ಅಲ್ಲಿ ‘ನರವೈದ್ಯ’ ಸರಿ. 1935ರಲ್ಲಿ ನಾತ್ಸಿ ಆಡಳಿತ ಈ ಸಂಘ, ಮನೋವೈದ್ಯರ ಸಂಘ ಎರಡನ್ನೂ ಸೇರಿಸಿ ಒಂದು ಮಾಡಿತು. ಎಷ್ಟೋ ಯಹೂದಿ ವೈದ್ಯರು ಕೆಲಸ ಕಳೆದುಕೊಂಡು ದೇಶ ಬಿಟ್ಟರು. ನಿಮ್ಮ ಲೇಖನದಲ್ಲಿ ಎರಡೂ ಕೆಲಸ ಮಾಡುವ ವೈದ್ಯರ ಮಾತು ಬಂದರೆ ‘ನರ-ಮನೋವೈದ್ಯ’ ಅಂತ ಹಾಕಿ. ಎಲ್ಲ ಕಡೆ ಒಂದೇ ಪದ ಇಟ್ಟರೆ ಆ ಜಗಳವೇ ಕಾಣೋದಿಲ್ಲ.

ಉತ್ತರ:
‘ವೈದ್ಯ’ ಕೂಡ ಸಂಸ್ಕೃತವೇ ಅಲ್ವಾ? ಎರವಲು ತರೋದಕ್ಕೆ ಯಾವಾಗಲೂ ಒಂದು ನೆಪ.

ಉತ್ತರ:
ನಮ್ಮೂರಲ್ಲಿ ಎಲ್ಲರೂ ‘ನರದ ಡಾಕ್ಟ್ರು’ ಅಂತಾರೆ. ಅದರಲ್ಲೂ ಎರವಲು ಇದೆ, ಯಾರಿಗೂ ತೊಂದರೆ ಆಗಿಲ್ಲ. ಮೇಡಂ, ನೀವು ‘ನರವೈದ್ಯ’ ಹಾಕಿ ಕಳಿಸಿ.