ಹೊಸದಾಗಿ ಹುಟ್ಟುವುದೆಂದರೆ ಮತ್ತೊಮ್ಮೆ ದೀಕ್ಷಾಸ್ನಾನವೇ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ

ಕದ್ರಿಯಿಂದ, ಪ್ರಶ್ನೆ:
ನನಗೆ 36 ವರ್ಷ. ಶಿಶುವಾಗಿದ್ದಾಗಲೇ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ದೀಕ್ಷಾಸ್ನಾನವಾಗಿದೆ, ಮುಂದೆ ವಿಶ್ವಾಸವನ್ನು ಸ್ವತಃ ಒಪ್ಪಿಕೊಳ್ಳುವ ದೃಢೀಕರಣವೂ ಆಗಿದೆ. ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದ ಪ್ರಾರ್ಥನಾಕೂಟದಲ್ಲಿ ಬೈಬಲಿನ ಯೋಹಾನ 3ನೇ ಅಧ್ಯಾಯವನ್ನು ಓದಿಸಿ, ನಾನಿನ್ನೂ ಹೊಸದಾಗಿ ಹುಟ್ಟಿಲ್ಲವೆಂದೂ ಬರುವ ತಿಂಗಳು ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕೆಂದೂ ಹೇಳುತ್ತಿದ್ದಾರೆ. ಇನ್ನೊಂದು ಸಂಕಟವೂ ಇದೆ. ನಮ್ಮ ತಂದೆಯವರ ಸ್ಕೂಟರಿನ ಸದ್ದು ಅಂಗಳದಲ್ಲಿ ಕೇಳಿದರೆ ನಾವು ಮಕ್ಕಳು ಮಂಚದಡಿಗೆ ಸೇರಿಕೊಳ್ಳುತ್ತಿದ್ದೆವು. ದೇವರನ್ನು ‘ತಂದೆಯೇ’ ಎಂದು ಕರೆಯಲು ಇಂದಿಗೂ ನಾಲಿಗೆ ಏಳುವುದಿಲ್ಲ.

ಮಲ್ಪೆಯ ಸಹೋದರ:
ತಡಮಾಡಬೇಡಿ, ಸಿಸ್ಟರ್. ನಾನು 2009ರ ಜನವರಿಯಲ್ಲಿ ಕಲ್ಯಾಣಪುರದ ಹತ್ತಿರ ಸ್ವರ್ಣಾ ನದಿಯಲ್ಲಿ ದೀಕ್ಷಾಸ್ನಾನ ಪಡೆದೆ. ಬೆಳಗಿನ ಆರಕ್ಕೆ ಬರಹೇಳಿದ್ದರು, ಆದರೆ ಇಳಿತದ ಹೊತ್ತೆಂದು ಯಾರೂ ಯೋಚಿಸಿರಲಿಲ್ಲ. ಸೊಂಟದವರೆಗೆ ಇರಬೇಕಾದ ನೀರು ಮೊಣಕಾಲಿಗಿತ್ತು. ಕೆಸರಿನಲ್ಲಿ ಕಾಲೆಳೆಯುತ್ತಾ ನಡುವಿನತ್ತ ಹೋಗುವಾಗ ಮರುವಾಯಿ ಚಿಪ್ಪು ತಾಗಿ ಬಲಗಾಲಿನ ಹಿಮ್ಮಡಿ ಸೀಳಿತು. ಐದು ಹೊಲಿಗೆ, ಇಂಜೆಕ್ಷನ್, ಮಾತ್ರೆ ಎಲ್ಲ ಸೇರಿ 640 ರೂಪಾಯಿ. ಆ ಕಲೆಯನ್ನು ನಾನು ನನ್ನ ಜನನ ಪ್ರಮಾಣಪತ್ರವೆಂದೇ ತಿಳಿದಿದ್ದೇನೆ.

ನಿಜವಾದ ಖರ್ಚು ಆಮೇಲೆ ಬಂತು. ಸಭೆಯ ಪಟ್ಟಿಯಿಂದ ನನ್ನ ಹೆಸರು ಹೋಯಿತು, ಸಭೆಯ ಹಿರಿಯರಾಗಿದ್ದ ತಂದೆ ನಾಲ್ಕು ವರ್ಷ ನನ್ನೊಡನೆ ಮಾತನಾಡಲಿಲ್ಲ. 2014ರಲ್ಲಿ ತಾಯಿ ತೀರಿಕೊಂಡಾಗ ಸಮಾಧಿಯ ಬಳಿ ಒಂದು ಮಾತಿನ ಪ್ರಾರ್ಥನೆಗೂ ಅವಕಾಶ ಕೊಡಲಿಲ್ಲ. ಮಣ್ಣು ಹಾಕುವ ಸಾಲಿನಲ್ಲಿ ಹಿರಿಯ ಮಗನಾದ ನನ್ನನ್ನು ಹದಿನೇಳನೆಯವನಾಗಿ ನಿಲ್ಲಿಸಿದರು. ನಾನು ಎಣಿಸಿದ್ದೇನೆ. ನನ್ನ ಸಮಾಧಿಗೆ ಬೇರೆ ಕಡೆ 22,000 ರೂಪಾಯಿ ಕೊಟ್ಟು ಜಾಗ ಹಿಡಿದಿದ್ದೇನೆ. ಇಷ್ಟೆಲ್ಲ ಆದರೂ ನಾನು ಹುಟ್ಟಿದ ದಿನ ಯಾವುದೆಂದು ಕೇಳಿದರೆ ತಾರೀಕು ಹೇಳಬಲ್ಲೆ. ಹೇಳಲಾರದವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲಿ.

ಬಲ್ಮಠದ ನಿವೃತ್ತ ಶಿಕ್ಷಕಿ:
ಈ ತಾರೀಕು ಕೇಳುವವರ ಕಾಟದಿಂದಲೇ ನಾನು ಒಂದು ವರ್ಷ ಸರಿಯಾಗಿ ನಿದ್ದೆ ಮಾಡಿರಲಿಲ್ಲ. 1987ರಲ್ಲಿ ನನ್ನ ಎರಡನೆಯ ಮಗು ಹನ್ನೊಂದು ದಿನ ಬದುಕಿ ಹೋಯಿತು. ಸಾಂತ್ವನ ಹೇಳಲು ಬಂದ ಇಬ್ಬರು, ನಾನು ಹೊಸದಾಗಿ ಹುಟ್ಟಿದವಳಲ್ಲವಾದುದರಿಂದ ಹೀಗಾಯಿತೆಂದು ನನ್ನ ಮನೆಯ ಕಾಫಿ ಕುಡಿಯುತ್ತಲೇ ಹೇಳಿದರು. ಎದೆಯಲ್ಲಿ ಹಾಲು ಕಟ್ಟಿ, ಒದ್ದೆ ಬಟ್ಟೆ ಬಿಗಿದುಕೊಂಡು ಕುಳಿತಿದ್ದ ನನಗೆ ಅಂದು ಯೆಶಾಯ 49:15 ಸಿಕ್ಕಿತು. ತಾಯಿ ತನ್ನ ಮೊಲೆಕೂಸನ್ನು ಮರೆತರೂ ತಾನು ಮರೆಯೆನೆಂದು ದೇವರು ಹೇಳುವ ವಚನವದು. ಮರೆಯುವುದು ಎಷ್ಟು ಅಸಾಧ್ಯವೆಂಬುದನ್ನು ನನ್ನ ಮೈಯೇ ಹೇಳುತ್ತಿತ್ತು. ನನಗೆ ದೇವರ ಪ್ರೀತಿ ತಿಳಿದದ್ದು ತಾಯಿಯ ದಾರಿಯಿಂದ, ತಂದೆಯ ದಾರಿಯಿಂದಲ್ಲ.

ಯೋಹಾನ 3ರಲ್ಲಿ ನಿಕೊದೇಮನೆಂಬ ಯೆಹೂದಿ ಮುಖಂಡನಿಗೆ ಹೊಸದಾಗಿ ಹುಟ್ಟಬೇಕೆಂದು ಯೇಸು ಹೇಳುವಲ್ಲಿರುವ ಗ್ರೀಕ್ ಮಾತು ‘ಆನೋಥೆನ್’. ಅದಕ್ಕೆ ‘ಮತ್ತೊಮ್ಮೆ’ ಎಂಬ ಅರ್ಥವೂ ‘ಮೇಲಿನಿಂದ’ ಎಂಬ ಅರ್ಥವೂ ಇದೆ. ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಹೊಕ್ಕುವುದು ಹೇಗೆಂದು ನಿಕೊದೇಮ ಕೇಳಿದ್ದು ಮೊದಲನೆಯ ಅರ್ಥವನ್ನಷ್ಟೇ ಹಿಡಿದುಕೊಂಡು. ಮಲ್ಪೆಯವರೂ ಅದನ್ನೇ ಹಿಡಿದಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೆಹ್ನರ್, ಗ್ರೈನರ್ ಮೂವರೂ ಮನಃಪರಿವರ್ತನೆಯನ್ನೇ ಮುಖ್ಯವಾಗಿ ಸಾರುವ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು. ಆದರೂ ಆ ಸಭೆಗಳಲ್ಲಿ ವಿಶ್ವಾಸಿಗಳ ಶಿಶುಗಳಿಗೆ ದೀಕ್ಷಾಸ್ನಾನ ನಡೆಯುತ್ತಿತ್ತು. ಆರಾಧನೆಯಲ್ಲಿ ಹೇಳುವ 381ರ ನೈಸೀಯ ವಿಶ್ವಾಸಪ್ರಮಾಣವೂ ಒಂದೇ ದೀಕ್ಷಾಸ್ನಾನವೆನ್ನುತ್ತದೆ.

ಮಲ್ಪೆಯ ಸಹೋದರ:
ಟೀಚರೇ, ಗ್ರೀಕ್ ನನಗೆ ಬಾರದು. ಅದೇ ಅಧ್ಯಾಯದ ಐದನೇ ವಚನದಲ್ಲಿ ‘ನೀರು’ ಎಂಬ ಮಾತಿರುವುದು ಕನ್ನಡದಲ್ಲೇ ಕಾಣುತ್ತದೆ. ಹಣೆಗೆ ಮೂರು ಹನಿ ಚಿಮುಕಿಸಿದರೆ ಅದು ಹುಟ್ಟಾಗುವುದೇ?

ಬಿಜೈಯವನು:
ಮೂರು ಹನಿಯೋ ಮೂರು ಕೊಡವೋ ಎಂದು ಅಳೆಯುವವರಿಗೆ ನನ್ನದೊಂದು ಲೆಕ್ಕ. ನಾನು ಕಥೋಲಿಕ. ಅಂತರಂಗದ ಗಾಯ ವಾಸಿಯಾಗಲೆಂದು ಮೂರು ಸಲ ಧ್ಯಾನಕೂಟಕ್ಕೆ ಹೋದೆ. ಪ್ರತಿ ಸಲ ಆರು ದಿನ. ಎರಡನೆಯ ಸಲ ರಜೆ ಸಾಲದೆ 4,300 ರೂಪಾಯಿ ಸಂಬಳ ಕಡಿತವಾಯಿತು. ಐದನೆಯ ದಿನ ದೀಪ ಆರಿಸಿ, ಕಣ್ಣು ಮುಚ್ಚಿಸಿ, ತಂದೆಯನ್ನು ಕ್ಷಮಿಸಿ ಅಪ್ಪಿಕೊಳ್ಳುವುದಾಗಿ ಭಾವಿಸಲು ಹೇಳುತ್ತಾರೆ. ಸುತ್ತ ಎಲ್ಲರೂ ಅಳುತ್ತಿದ್ದರು. ನನಗೆ ಮಾತ್ರ ಸಾರಾಯಿಯ ವಾಸನೆ ನೆನಪಾಗಿ ಓಕರಿಕೆ ಬಂತು. ನಮ್ಮ ಕೊಂಕಣಿಯಲ್ಲಿ ಹೆತ್ತವನು ‘ಬಾಪಯ್’, ಪೂಜೆ ಅರ್ಪಿಸುವವರು ‘ಬಾಪ್’, ಪ್ರಾರ್ಥನೆಯಲ್ಲಿ ದೇವರೂ ‘ಬಾಪಾ’. ಕುಡಿದು ಮೆಟ್ಟಿಲಿನಲ್ಲಿ ಬಿದ್ದಿರುತ್ತಿದ್ದ ನನ್ನ ತಂದೆಯನ್ನು ದಾಟಿ ಹೋಗದೆ ಆ ಶಬ್ದದ ಬಳಿಗೆ ಹೋಗಲು ನನಗೆ ದಾರಿಯೇ ಇರಲಿಲ್ಲ. ಈಗ ಜಪಮಾಲೆಯಲ್ಲಿ ಆ ಪ್ರಾರ್ಥನೆ ಬಂದಾಗ ಹೆಂಡತಿ ಜೋರಾಗಿ ಹೇಳುತ್ತಾಳೆ, ನಾನು ತುಟಿ ಆಡಿಸುತ್ತೇನೆ. ದೇವರಿಗೆ ಅಷ್ಟು ಸಾಕೆಂದು ನನ್ನ ನಂಬಿಕೆ. ಇದನ್ನು ಅಪನಂಬಿಕೆಯೆಂದು ಕರೆಯುವವರು ನನಗೆ ಉತ್ತರ ಬರೆಯುವ ಅಗತ್ಯವಿಲ್ಲ.

ಮಲ್ಪೆಯ ಸಹೋದರ:
ತುಟಿ ಆಡಿಸುವುದರಿಂದ ಯಾರಿಗೂ ರಕ್ಷಣೆಯಿಲ್ಲ, ಬ್ರದರ್.

ಬಿಜೈಯವನು:
ಹಿಮ್ಮಡಿಯ ಹೊಲಿಗೆಯಿಂದ ಇದೆಯೋ?

ಉಡುಪಿಯವಳು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಯೋಹಾನನು ಹುಟ್ಟಿನ ಮಾತಾಡಿದರೆ ಪೌಲನು ರೋಮಾಪುರದವರಿಗೆ ಬರೆಯುವಾಗ, 8ನೇ ಅಧ್ಯಾಯದಲ್ಲಿ, ದತ್ತಿನ ಮಾತಾಡುತ್ತಾನೆ. ‘ಅಪ್ಪಾ, ತಂದೆಯೇ’ ಎಂದು ಕೂಗುವವರು ಅಲ್ಲಿ ದತ್ತುಮಕ್ಕಳು, ಮಕ್ಕಳಾದ್ದರಿಂದ ಬಾಧ್ಯರು. ನಾನೂ 1979ರಲ್ಲಿ ಒಂದು ಕ್ರೈಸ್ತ ಮನೆಗೆ ಸಾಕುಮಗಳಾಗಿ ಬಂದ ಮಗು. ಆಗ ಕ್ರೈಸ್ತರಿಗೆ ದತ್ತು ಪಡೆಯುವ ಕಾನೂನೇ ಇರಲಿಲ್ಲ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯಿದೆಯಂತೆ ನ್ಯಾಯಾಲಯವು ನನ್ನ ತಂದೆತಾಯಿಯನ್ನು ಪೋಷಕರೆಂದಷ್ಟೇ ನೇಮಿಸಿತು. ನನಗೆ ಪ್ರಾಯ ತುಂಬಿದಾಗ ಅದೂ ಮುಗಿಯಿತು. ತಂದೆ ಉಯಿಲು ಬರೆಯದೆ 1998ರಲ್ಲಿ ತೀರಿಕೊಂಡಾಗ, ಮಕ್ಕಳಿಲ್ಲದವರ ಆಸ್ತಿಯೆಂದು ಅರ್ಧ ತಾಯಿಗೆ, ಉಳಿದರ್ಧ ಚಿಕ್ಕಪ್ಪಂದಿರಿಗೆ ಎಂದಾಯಿತು. ಆರು ವರ್ಷದ ವ್ಯಾಜ್ಯ, ವಕೀಲರಿಗೆ 1,85,000 ರೂಪಾಯಿ, ಕೊನೆಗೆ ರಾಜಿಯಲ್ಲಿ ಬಾವಿಯಿಲ್ಲದ 11 ಸೆಂಟ್ಸ್ ಜಾಗ.

ತಾರೀಕಿನ ಮಾತು ಬಂತಲ್ಲ, ನಾನು ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ತಂದೆ ಜೂನ್ 1 ಎಂದು ಬರೆಸಿದರು, ಪ್ರತಿ ವರ್ಷ ಅಂದೇ ಪಾಯಸ ಮಾಡಿಸಿದರು.

ಮಲ್ಪೆಯ ಸಹೋದರ:
ಅಕ್ಕ, ತಮ್ಮ ನೋವಿನ ಬಗ್ಗೆ ಗೌರವವಿದೆ. ಆದರೆ ದತ್ತು ಬೇರೆ, ಹುಟ್ಟು ಬೇರೆ.

ಉಡುಪಿಯವಳು:
ಚಿಕ್ಕಪ್ಪಂದಿರ ವಕೀಲರೂ ಅದನ್ನೇ ವಾದಿಸಿದ್ದರು. ಸಮಾಧಿಯ ಬಳಿ ತಾಯಿ ನನ್ನ ಕೈಗೆ ಮಣ್ಣು ಕೊಟ್ಟು ಮುಂದಕ್ಕೆ ದೂಡಿದರು. ಮೊದಲ ಹಿಡಿ ಮಣ್ಣು ಹಾಕಿದವಳು ನಾನು, ತಮ್ಮಾ. ನನ್ನ ಮುಂದೆ ಹದಿನಾರು ಜನ ಇರಲಿಲ್ಲ.