ಅಪ್‌ಡೇಟ್: ಅಜ್ಜನ ಜೋಡು ನಳಿಗೆ ಕೋವಿ

ಬದಿಯಡ್ಕದ ಮನೆಯಲ್ಲಿರುವ, ಹೊರಗೆ ಹ್ಯಾಮರ್ ಇರುವ 12 ಬೋರಿನ ಹಳೇ ಕೋವಿಗೆ ಈಗಿನ ತೋಟೆ ಹಾಕಿ ಹೊಡೆಯಬಹುದೇ ಎಂದು ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು: ಬೇಡ.

ಲೈಸೆನ್ಸ್ ಇರುವ ಮಾವನೇ ಕೋವಿ ರಿಪೇರಿಯವರಿಗೆ ತೋರಿಸಿದರು. ನಳಿಗೆ ಕಳಚಿ ಅಡಿಯ ಜಿಡ್ಡು ಒರೆಸಿದಾಗ ಕತ್ತರಿಯಾಕಾರದ ಎರಡು ರಾಜದಂಡ, ಮೇಲೊಂದು ಕಿರೀಟ ಕಂಡಿತು. ಬರ್ಮಿಂಗ್‌ಹ್ಯಾಮಿನ ಹಳೇ ಪ್ರೂಫ್ ಮುದ್ರೆ, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತು. ಪಕ್ಕದಲ್ಲೇ ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂಬ ಬರಹ. ತುದಿ ಕಿರಿದಾದ ಚೋಕ್ ನಳಿಗೆಗಳ ಮೇಲೆ ಇದನ್ನು ಒತ್ತುತ್ತಿದ್ದುದು 1875ರಿಂದ 1887ರವರೆಗೆ. ಕೋವಿಯ ವಯಸ್ಸು ಗೊತ್ತಾಗಿ ಮೈ ಜುಮ್ಮೆಂದಿತು! ಪರೀಕ್ಷೆ ಆದದ್ದು ಕರಿಮದ್ದಿಗೆ ಮಾತ್ರ. ಈಗಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದಿಗೆ ಪರೀಕ್ಷೆ ಆಗಿದೆ ಎನ್ನುವ ನೈಟ್ರೋ ಮುದ್ರೆ ಎಲ್ಲೂ ಇಲ್ಲ.

ಇದರದ್ದು ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು; ಹಾಗೆಂದಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ ಎಡ ನಳಿಗೆಯೊಳಗೆ ತುಕ್ಕು ಆಳವಾಗಿ ತಿಂದಿದೆ, ತೋಟೆ ಕೂರುವ ಚೇಂಬರ್ ಎರಡೂವರೆ ಇಂಚು (ಸುಮಾರು 64 ಮಿ.ಮೀ.). ಈಗಿನ 70 ಮಿ.ಮೀ. ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಅಪಾಯವೂ ಅಲ್ಲೇ. ಆ 70 ಮಿ.ಮೀ. ಎನ್ನುವುದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ತೋಟೆಯ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಅಡಿಕೆ ತೋಟಕ್ಕೆ ಹಂದಿ ಬರುವುದು ನಿಂತಿಲ್ಲ, ಅದಕ್ಕೆ ಬೇಲಿ ಗಟ್ಟಿಮಾಡುತ್ತೇವೆ. ಮುದ್ರೆಯ ಫೋಟೋ ತೆಗೆಯಿರಿ ಎಂದು ಒತ್ತಾಯಿಸಿದವರಿಗೆ ದೊಡ್ಡ ನಮಸ್ಕಾರ.