ಸ್ನೇರ್ ಡ್ರಮ್ ಒಂದೇ ಕೇಳಿದರೆ ದಪ್ಪ, ಎಲ್ಲ ಟ್ರ್ಯಾಕ್ ಸೇರಿದರೆ ತಗಡು. ಏಕೆ?

ಹೊಸಕಡ್ಡಿ:
ಕೋರ್ಸ್ ಪ್ರಾಜೆಕ್ಟ್‌ಗೆ ಡ್ರಮ್ಸ್ ರೆಕಾರ್ಡ್ ಮಾಡಬೇಕು, ಸ್ಟುಡಿಯೋ ಸಿಗೋದು 4 ಗಂಟೆ ಮಾತ್ರ. ಮೈಕ್ ಇನ್‌ಪುಟ್ 8: ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) 1, ಸ್ನೇರ್ (ಅಡಿಯಲ್ಲಿ ತಂತಿ ಇರೋ ಡ್ರಮ್) ಮೇಲೆ-ಕೆಳಗೆ 2, ಟಾಮ್ ಡ್ರಮ್‌ಗಳಿಗೆ 3, ಓವರ್‌ಹೆಡ್ (ಇಡೀ ಸೆಟ್‌ನ ಮೇಲೆ ತೂಗೋ ಮೈಕ್) 2. ಸ್ನೇರ್ ಮೇಲೆ ಎಸ್‌ಎಂ57 ಮೈಕ್, ಹೆಡ್‌ನಿಂದ (ಡ್ರಮ್‌ನ ಹೊದಿಕೆಯಿಂದ) 4 ಸೆಂ.ಮೀ. ಓವರ್‌ಹೆಡ್‌ಗಳು ಸ್ನೇರ್‌ನಿಂದ ಸುಮಾರು 90 ಸೆಂ.ಮೀ. ಎತ್ತರದಲ್ಲಿ. ಟ್ರಯಲ್‌ನಲ್ಲಿ ಸೋಲೋ ಮಾಡಿದಾಗ (ಅದೊಂದೇ ಕೇಳಿದಾಗ) ಸ್ನೇರ್ ಚೆನ್ನಾಗಿದೆ, ಓವರ್‌ಹೆಡ್ ಫೇಡರ್ ಏರಿಸಿದ ತಕ್ಷಣ ಸೊರಗುತ್ತೆ. ಡ್ರಮ್ ಬಸ್‌ನಲ್ಲಿ (ಎಲ್ಲ ಡ್ರಮ್ ಟ್ರ್ಯಾಕ್ ಸೇರೋ ಚಾನೆಲ್‌ನಲ್ಲಿ) 200 ಹರ್ಟ್ಸ್ ಎಷ್ಟು ಏರಿಸಿದರೂ ತುಂಬಿಕೊಳ್ಳಲ್ಲ. ಮೈಕ್ ಕೆಟ್ಟಿದೆಯಾ?

ಎರಡುಮೈಕ್:
ಮೈಕ್ ಸರಿಯಾಗೇ ಇದೆ, ಕೈಕೊಟ್ಟಿರೋದು ಫೇಸ್, ಅಂದರೆ ಎರಡು ಮೈಕ್‌ಗಳ ಅಲೆಗಳ ಹೊಂದಾಣಿಕೆ. ನಿಮ್ಮ ಲೆಕ್ಕದಲ್ಲೇ ಉತ್ತರ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತೆ. 200 ಹರ್ಟ್ಸ್ ಅಲೆಯ ಅರ್ಧ ಉದ್ದ 86 ಸೆಂ.ಮೀ. ನಿಮ್ಮ ಎರಡು ಮೈಕ್‌ಗಳ ದೂರದ ವ್ಯತ್ಯಾಸ, 90ರಲ್ಲಿ 4 ಕಳೆದರೆ, ಅದೂ 86! ಒಂದರಲ್ಲಿ ಅಲೆ ಉಬ್ಬಿದಾಗ ಇನ್ನೊಂದರಲ್ಲಿ ತಗ್ಗುತ್ತೆ. ಸ್ನೇರ್‌ನ ತೂಕ ಇರೋದೇ ಆ ಜಾಗದಲ್ಲಿ. ಬಸ್‌ಗೆ ಬರೋ ಮೊದಲೇ ಅಳಿಸಿಹೋದದ್ದನ್ನು ಈಕ್ಯೂ (ಈಕ್ವಲೈಜರ್) ಎಲ್ಲಿಂದ ಏರಿಸುತ್ತೆ?

ಓವರ್‌ಹೆಡ್‌ಗಳನ್ನು ಮುಟ್ಟಬೇಡಿ, ಅವೇ ಆಧಾರ. ಮಾನಿಟರ್ ಮೋನೋ ಮಾಡಿ, ಸ್ನೇರ್ ಮೇಲಿನ ಮೈಕ್‌ನ ಪೊಲಾರಿಟಿ ಬಟನ್ (ಅಲೆಯನ್ನು ಉಲ್ಟಾ ಮಾಡೋದು) ಒತ್ತಿ, ದಪ್ಪ ಕೇಳಿದ ಕಡೆ ಬಿಡಿ. ಕೆಳಗಿನ ಮೈಕ್ ಯಾವಾಗಲೂ ಮೇಲಿನದಕ್ಕೆ ಉಲ್ಟಾ ಇರಬೇಕು: ಕಡ್ಡಿ ಬಿದ್ದಾಗ ಮೇಲಿನ ಹೆಡ್ ತನ್ನ ಮೈಕ್‌ನಿಂದ ದೂರ ಸರಿಯುತ್ತೆ, ಕೆಳಗಿನದು ತನ್ನ ಮೈಕ್ ಕಡೆಗೆ ಉಬ್ಬುತ್ತೆ. ಮೇಲಿನದನ್ನು ತಿರುಗಿಸಿದರೆ ಕೆಳಗಿನದು ಇದ್ದ ಹಾಗೇ ಇರಲಿ. ಆಮೇಲೆ ಕಿಕ್, ಟಾಮ್‌ಗಳನ್ನೂ ಒಂದೊಂದಾಗಿ ಓವರ್‌ಹೆಡ್ ಜೊತೆ ಹೀಗೇ ಪರೀಕ್ಷಿಸಿ.

"ಸುಮಾರು 90" ಸಾಲದು. ಸ್ನೇರ್ ನಡುವಿನಿಂದ ದಾರ ಹಿಡಿದು ಎರಡೂ ಓವರ್‌ಹೆಡ್‌ಗೆ ಅಳೆಯಿರಿ. 20 ಸೆಂ.ಮೀ. ಹೆಚ್ಚುಕಮ್ಮಿಯಾದರೂ ಸ್ನೇರ್ ಹತ್ತಿರದ ಮೈಕ್ ಕಡೆ ವಾಲುತ್ತೆ, ಮೋನೋದಲ್ಲಿ 850 ಹರ್ಟ್ಸ್ ಆಸುಪಾಸು ಗುಂಡಿ ಬೀಳುತ್ತೆ.

ಹೊಸಕಡ್ಡಿ:
ಓವರ್‌ಹೆಡ್ ಟ್ರ್ಯಾಕನ್ನು ಸಾಫ್ಟ್‌ವೇರ್‌ನಲ್ಲಿ 2.5 ಮಿಲಿಸೆಕೆಂಡ್ ಹಿಂದಕ್ಕೆ ಎಳೆದರೆ ಸಾಲಲ್ವಾ?

ಕೇಬಲ್‌ಸುರುಳಿ:
ಸ್ನೇರ್ ಕೂಡುತ್ತೆ. ಆದರೆ ಕಿಕ್‌ನಿಂದ, ಫ್ಲೋರ್ ಟಾಮ್‌ನಿಂದ ಓವರ್‌ಹೆಡ್‌ಗೆ ಇರೋ ದೂರ ಬೇರೆ, ಅವು ಕೂಡಲೇಬೇಕು ಅಂತೇನಿಲ್ಲ. ಮೊದಲು ಸ್ಟ್ಯಾಂಡ್ ಸರಿಸಿ, ಎಳೆಯೋದು ಕೊನೇ ಉಪಾಯ.

ನಾಲ್ಕು ಗಂಟೆಯಲ್ಲಿ ಮೊದಲ ಮುಕ್ಕಾಲು ಗಂಟೆ ಟ್ಯೂನಿಂಗ್‌ಗೇ ಕೊಡಿ, ಹೌದು, ಅಷ್ಟು! ಎದುರುಬದುರು ಲಗ್ (ಹೆಡ್ ಬಿಗಿಸೋ ತಿರುಪು) ಬಿಗಿಮಾಡುತ್ತಾ ಹೋಗಿ, ಪ್ರತಿ ಲಗ್ ಹತ್ತಿರ ತಟ್ಟಿದರೆ ಒಂದೇ ಸ್ವರ ಬರಬೇಕು. ಟಾಮ್ ಹೊಡೆದಾಗ ಸ್ನೇರ್ ತಂತಿ ಗುಯ್ಗುಟ್ಟಿದರೆ ಟಾಮ್‌ನ ಸ್ವರ ಸ್ವಲ್ಪ ಬದಲಿಸಿ, ಹೆಡ್‌ಗೆ ಟೇಪ್ ಅಂಟಿಸೋದು ಆಮೇಲೆ.

ಗೇನ್ (ರೆಕಾರ್ಡಿಂಗ್ ಮಟ್ಟ) ಇಡುವಾಗ ಹಾಡಿನ ಅತಿ ಜೋರಿನ ಭಾಗವನ್ನೇ ನುಡಿಸೋಕೆ ಹೇಳಿ. ಚೆಕ್‌ನಲ್ಲಿ ಮೆತ್ತಗೆ ಹೊಡೆದವರೇ ಟೇಕ್‌ನಲ್ಲಿ ಕ್ಲಿಪ್ ಮಾಡಿಸೋದು, ಅಂದರೆ ಮಟ್ಟ ಮೀರಿ ಶಬ್ದ ಒಡೆಸೋದು. 24 ಬಿಟ್‌ನಲ್ಲಿ ಪೀಕ್ -12ರಿಂದ -10 ಡೆಸಿಬೆಲ್ ನಡುವೆ ನಿಂತರೆ ಧಾರಾಳ ಸಾಕು. ಹೈ-ಹ್ಯಾಟ್ ಸ್ನೇರ್ ಮೈಕ್‌ಗೆ ನುಗ್ಗುತ್ತಿದ್ದರೆ ಗೇಟ್ (ಮೆತ್ತಗಿನ ಶಬ್ದ ಮುಚ್ಚೋ ಸಾಧನ) ಹುಡುಕಬೇಡಿ, ಮೈಕ್‌ನ ಬೆನ್ನು ಹೈ-ಹ್ಯಾಟ್ ಕಡೆ ತಿರುಗಿಸಿ. ಎಸ್‌ಎಂ57ನಂಥ ಕಾರ್ಡಿಯಾಯ್ಡ್ ಮೈಕ್‌ಗೆ ಬೆನ್ನ ಹಿಂದಿನದು ಅತಿ ಕಮ್ಮಿ ಕೇಳೋದು.

ಎರಡುಮೈಕ್:
ಇನ್ನೊಂದು. ಕ್ಲಿಕ್ ಟ್ರ್ಯಾಕ್ (ಹೆಡ್‌ಫೋನ್‌ನಲ್ಲಿ ತಾಳ ಹೇಳೋ ಟಿಕ್ ಟಿಕ್) ಕೊನೇ ಸಿಂಬಲ್ ಹೊಡೆತಕ್ಕೇ ನಿಲ್ಲೋ ಹಾಗೆ ಸೆಟ್ ಮಾಡಿ. ಇಲ್ಲದಿದ್ದರೆ ಸಿಂಬಲ್ ಆರುತ್ತಾ ಹೋದ ಹಾಗೆ ಹೆಡ್‌ಫೋನ್‌ನಿಂದ ಸೋರೋ ಟಿಕ್ ಟಿಕ್ ಓವರ್‌ಹೆಡ್‌ನಲ್ಲಿ ಕೂತಿರುತ್ತೆ, ಅದನ್ನು ತೆಗೆಯೋದು ತುಂಬಾ ಕಷ್ಟ.